ಅಜಾನ್ ನಂತರದ ತೋಟೆ

ಉಡುಪಿಯ ಫಿಟ್ಟರ್ ಲಾರೆನ್ಸ್ ನಮ್ಮನ್ನು ಕೆಲಸಕ್ಕೆ ಕರೆಸಿಕೊಂಡಿದ್ದ ಅರಬ್ ಧಣಿ, ನಮ್ಮ ಕಫೀಲರ ಕೈಯನ್ನೇ ಹಿಡಿದುಬಿಟ್ಟ. ತೊಂಬತ್ತರ ದಶಕದ ಸೌದಿಯ ಅಲ್ ಖರ್ಜ್ ಊರು. ಕೌಬಾಯ್ ಶೈಲಿಯ ಗುರಿಪಂದ್ಯಕ್ಕೆಂದು ಕಫೀಲರು ತೋಟೆಗಳಿಗೆ ತಾವೇ ಕೋವಿಮದ್ದು ಅಳೆದು ತುಂಬುತ್ತಿದ್ದರು. ನಡುವೆ ಅಜಾನ್ ಕೇಳಿ ನಮಾಜಿಗೆ ಹೋಗಿ ಆಗಷ್ಟೇ ಮರಳಿದ್ದರು.

“ಎಂತ ಸರ್, ನೋಡ್ತಾ ಕೂತಿದ್ದೀರಿ? ನಮಾಜಿಗೆ ಹೋಗುವ ಮೊದಲೇ ಮದ್ದು ಹಾಕಿದ ತೋಟೆಗೆ ಪುನಃ ಹಾಕಿದ್ರು. ಅರಬ್ಬಿಯಲ್ಲಿ ಹೇಳಿ ಮಾರಾಯ್ರೆ!” ಎಂದು ನನ್ನತ್ತ ಕೂಗಿದ.

ಕಫೀಲರ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ನಾನು ಅದನ್ನು ಅರಬ್ಬಿಯಲ್ಲಿ ಹೇಳಿದೆ. ಈ ಆಟಕ್ಕೆ ಮದ್ದು ಕಡಿಮೆ ಸಾಕು; ಎರಡು ಪಾಲು ಬಿದ್ದರೂ ತೋಟೆ ತುಳುಕುವುದಿಲ್ಲ, ತಪ್ಪು ಕಣ್ಣಿಗೆ ಬೀಳುವುದಿಲ್ಲ. ಕಫೀಲರು ಸಿಟ್ಟಿನಿಂದಲೇ ಆ ತೋಟೆಯ ಮದ್ದನ್ನು ತಕ್ಕಡಿಗೆ ಸುರಿದರು. ಸರಿಯಾಗಿ ಎರಡರಷ್ಟಿತ್ತು! ಹಾರಿಸಿದ್ದರೆ ಕೋವಿಯೇ ಸಿಡಿಯುತ್ತಿತ್ತು, ಅಂಕ ಬರೆಯಲು ಪಕ್ಕದಲ್ಲಿ ನಿಲ್ಲಬೇಕಿದ್ದವನು ನಾನು.

ಎಲ್ಲ ತೋಟೆಗಳನ್ನೂ ಖಾಲಿ ಮಾಡಿ ಹೊಸದಾಗಿ ತುಂಬಿದರು. ಸಂಜೆ ಪಂದ್ಯದಲ್ಲಿ ಕಫೀಲರ ಗುಂಡಿಗೆ ಗುರಿಯ ಕಬ್ಬಿಣದ ಫಲಕಗಳು ಒಂದೂ ತಪ್ಪದೆ ಉರುಳಿದವು. ಕಫೀಲರು ಲಾರೆನ್ಸ್‌ನನ್ನು ಅಪ್ಪಿಕೊಂಡು, “ಗೆದ್ದವನು ಇವನು” ಎಂದು ಎಲ್ಲರೆದುರು ಕೂಗಿದರು.

ಅರ್ಧಕ್ಕೆ ಬಿಟ್ಟ ಕೆಲಸಕ್ಕೆ ಮರಳಿದಾಗ, ಈಗಲೂ ಯಾರೋ ಹಿಡಿದಂತೆ ನನ್ನ ಕೈ ಒಂದು ಕ್ಷಣ ನಿಲ್ಲುತ್ತದೆ.