ಸವೋಕ್‌ಗೆ ಇಂಗ್ಲಿಷಿನಲ್ಲಿ ಏನೆನ್ನಬೇಕು

ತೊಂಬತ್ತರ ದಶಕದಲ್ಲಿ ನಾನು ಮುಂಬಯಿ ಹತ್ತಿರದ ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ರಷ್ಯನ್ ದುಭಾಷಿಯಾಗಿದ್ದೆ. ಈಗ ಹೇಳಿದರೆ ನಗುತ್ತಾರೆ. ಕಾಲೇಜಿನ ದಿನಗಳಲ್ಲಿ ಪುಕ್ಕಟೆ ಕ್ಲಾಸು ಎಂದು ಸಂಜೆ ಮುಂಬಯಿಗೆ ಹೋಗಿ ಕಲಿತ ಭಾಷೆ ಅದು. ಸೋವಿಯತ್ ಪುಸ್ತಕಗಳು ಅಗ್ಗ, ಕಾಗದ ದಪ್ಪ. ಅದನ್ನು ನೋಡಿ ಆ ದೇಶ ಎಂದೂ ಅಲುಗುವುದಿಲ್ಲ ಎಂದುಕೊಂಡಿದ್ದೆ. ದೇಶವೇ ಮಾಯವಾಯಿತು. ನನ್ನ ರಷ್ಯನ್ ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆಯಂತೆ ಕೆಲವು ವರ್ಷ ಮೂಲೆಗೆ ಬಿತ್ತು. ಆಮೇಲೆ ಅಲ್ಲಿಯ ಉಕ್ಕಿನ ಪ್ಲೇಟುಗಳು ಕಳಂಬೋಲಿಗೆ ಬರತೊಡಗಿದವು, ಅವುಗಳ ಹಿಂದೆಯೇ ಮಾರುವವರೂ ಬಂದರು.

ಅದೇ ಹೊತ್ತಿಗೆ ಮಾಜಿವಾಡಾ ಹತ್ತಿರ ನನ್ನ ಗಂಡ ಕೆಲಸಕ್ಕಿದ್ದ ಫ್ಯಾಕ್ಟರಿಗೆ ಬೀಗ ಬಿತ್ತು. ಡೊಂಬಿವಲಿಯ ನಮ್ಮ ಮನೆ ನನ್ನ ಪಗಾರದ ಮೇಲೆ ನಿಂತಿತು. ನನಗಿಂತ ಮೊದಲಿದ್ದ ದುಭಾಷಿ ಬಂದ ಅತಿಥಿಯೊಬ್ಬನಿಗೆ ಎದುರುತ್ತರ ಕೊಟ್ಟನೆಂದು ಅವನನ್ನು ಊಟಕ್ಕೂ ಮುಂಚೆಯೇ ಕೆಲಸದಿಂದ ತೆಗೆದು ಮನೆಗೆ ಕಳಿಸಿದ್ದರಂತೆ. ಹಾಗಾಗಿ ದಿನಾ ಬೆಳಿಗ್ಗೆ ಎಸ್‌ಟಿ ಬಸ್ಸಿನಲ್ಲಿ ಕೂತರೆ ಇವತ್ತು ಕೆಲಸ ಉಳಿದೀತೇ ಎಂಬುದೊಂದೇ ಯೋಚನೆ. ಮನೆಯಲ್ಲಿ ಯಜಮಾನರು ಬಿಜಾಪುರದ ಮಾತಿನಲ್ಲಿ ಒಂದೇ ಬುದ್ಧಿವಾದ ಹೇಳಿ ಕಳಿಸುತ್ತಿದ್ದರು: “ಅವ್ರು ಏನ್ ಹೇಳ್ತಾರ ಅಷ್ಟ ಹೇಳಿ ಬಾ. ನಿಂದೇನೂ ಸೇರಿಸಬ್ಯಾಡ.”

ನಮ್ಮ ಧಣಿಗಳು ಉಡುಪಿ ಕಡೆಯವರು, ಹೋಟೆಲಿನಿಂದ ಕಬ್ಬಿಣಕ್ಕೆ ಹಾರಿದವರು. ನಾವಿಬ್ಬರೂ ಕನ್ನಡದಲ್ಲಿ ಮಾತಾಡಿಕೊಂಡರೆ ಎದುರಿಗೆ ಕೂತವನಿಗೆ ಸಂಶಯ ಬರುತ್ತದೆ, ಅತಿಥಿ ಇದ್ದಾಗ ಎಲ್ಲ ಇಂಗ್ಲಿಷಿನಲ್ಲೇ ಆಗಬೇಕು ಎಂಬುದು ಅವರ ಕಟ್ಟಪ್ಪಣೆ.

ಒಂದು ಸಲ ಉಕ್ಕು ಮಾರಲು ಬಂದವನು ಇನ್ನೂ ಎಳೆಯ ವಯಸ್ಸಿನವನು, ಮೇ ತಿಂಗಳ ಸೆಖೆಯಲ್ಲೂ ಚರ್ಮದ ಜಾಕೀಟು ತೆಗೆಯದ ಭೂಪ. ಮಾತು ಮಾತಿಗೆ ‘ಸವೋಕ್’ ಎನ್ನುತ್ತಿದ್ದ. ಅವನ ಊರಿನ ಕಾರ್ಖಾನೆಯ ಮ್ಯಾನೇಜರ್ ಸವೋಕ್, ಅವನ ಅಪ್ಪನೂ ಸವೋಕ್. ನನ್ನ ನಿಘಂಟಿನಲ್ಲಿ ನೋಡಿದರೆ ಕಸ ಎತ್ತುವ ಸುಪಡಿ ಎಂಬುದನ್ನು ಬಿಟ್ಟರೆ ಬೇರೇನೂ ಇಲ್ಲ. ಅದು ಸೋವಿಯತ್ ಕಾಲದಲ್ಲೇ ಅಚ್ಚಾದ ನಿಘಂಟು. ತನ್ನನ್ನೇ ಬೈಯುವ ಮಾತನ್ನು ಯಾವ ಸರ್ಕಾರ ಅಚ್ಚು ಹಾಕಿಸೀತು? ಆ ಕಾಲದ ಬುದ್ಧಿ ಬಿಡದವರನ್ನು ಅವರ ಜನರೇ ಹೀಯಾಳಿಸುವ ಪದ ಅದೆಂದು ನಿಧಾನವಾಗಿ ತಿಳಿಯಿತು. ನಾನು ‘ಓಲ್ಡ್ ಫ್ಯಾಷನ್ಡ್’ ಎಂದು ತಿರುಗಿಸಿ, ಖಾರವೆಲ್ಲ ತೆಗೆದು, ದಾಟಿಕೊಳ್ಳುತ್ತಿದ್ದೆ.

ಒಂದು ದಿನ ಊಟವಾದ ಮೇಲೆ ರೊಟ್ಟಿ ತಂದಿದ್ದ ಪ್ಲಾಸ್ಟಿಕ್ ಚೀಲವನ್ನು ತೊಳೆದು ಆಫೀಸಿನ ಕಿಟಕಿಯ ಸರಳಿಗೆ ಸಿಕ್ಕಿಸಿದೆ. ಡೊಂಬಿವಲಿಯಲ್ಲಿ ಯಾರ ಅಡಿಗೆಮನೆಗೆ ಹೋದರೂ ಹಾಲಿನ ಖಾಲಿ ಚೀಲಗಳು ಟೈಲ್ಸಿಗೆ ಅಂಟಿಕೊಂಡು ಒಣಗುತ್ತಿರುತ್ತವೆ, ಅದರಲ್ಲೇನು ವಿಶೇಷ? ಅಷ್ಟರಲ್ಲಿ ಧಣಿಗಳೊಂದಿಗೆ ಅವನು ಒಳಗೆ ಬಂದ. ನಾನು ಎದ್ದು ನಿಂತೆ. ಅವನು ಚೀಲ ನೋಡಿದ, ನಿಂತಿದ್ದ ನನ್ನನ್ನು ನೋಡಿದ, ಹೊಟ್ಟೆ ಹಿಡಿದುಕೊಂಡು ನಕ್ಕ.

“ನಮ್ಮ ಅಜ್ಜಿಯೂ ಹೀಗೇ ಚೀಲ ಒಣಹಾಕುತ್ತಿದ್ದಳು,” ಎಂದ ರಷ್ಯನ್ನಿನಲ್ಲಿ. “ಇಷ್ಟು ದೂರ ಬಂದರೂ ಸವೋಕ್ ತಪ್ಪಲಿಲ್ಲ. ನೀನು ಅಪ್ಪಟ ಸವೋಕ್.”

ಧಣಿಗಳು ನಗುವಿನಲ್ಲಿ ಪಾಲು ಕೇಳುವವರಂತೆ ನನ್ನ ಕಡೆ ತಿರುಗಿ, ಏನಂತೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನು ‘ಓಲ್ಡ್...’ ಎನ್ನುವಷ್ಟರಲ್ಲಿ ಅವನು ಬೆರಳು ಅಲ್ಲಾಡಿಸಿದ. ತನಗೂ ಅಷ್ಟಿಷ್ಟು ಇಂಗ್ಲಿಷ್ ಬರುತ್ತದೆ, ಸರಿಯಾಗಿ ಹೇಳಬೇಕು ಎಂದ. ಆ ಪದಕ್ಕೆ ಏನರ್ಥ ಎಂದು ರಷ್ಯನ್ನಿನಲ್ಲಿ ಬಿಡಿಸಿಯೂ ಹೇಳಿದ.

‘ಬ್ಯಾಕ್‌ವರ್ಡ್’ ಎಂದರೆ ಸಾಲದು. ‘ಸ್ಲೇವ್’ ಎಂದರೆ ಹೆಚ್ಚಾಯಿತು, ಒಡೆಯ ಯಾರು ಎಂಬ ಪ್ರಶ್ನೆ ಬರುತ್ತದೆ. ಮೆತ್ತಗೆ ಹೇಳಿದರೆ ಸುಳ್ಳುಗಾತಿ ಎಂದು ಅವನು ಎತ್ತಿ ತೋರಿಸುತ್ತಾನೆ. ಇದ್ದದ್ದು ಇದ್ದಹಾಗೆ ಹೇಳಿದರೆ, ಅತಿಥಿಯೇ ಲೇವಡಿ ಮಾಡುವಂಥ ಹೆಂಗಸನ್ನು ಧಣಿಗಳು ಯಾಕೆ ಇಟ್ಟುಕೊಂಡಾರು? ಹೊತ್ತಲ್ಲದ ಹೊತ್ತಿನಲ್ಲಿ ನಾನು ಮನೆಗೆ ಬಂದಾಗ ಬಾಗಿಲು ತೆರೆಯುವ ಯಜಮಾನರ ಮುಖ ಕಣ್ಣಿಗೆ ಕಟ್ಟಿತು.

ಕೊನೆಗೆ ಒಂದು ಪದದ ಆಸೆ ಬಿಟ್ಟು, ಅವನು ಬಿಡಿಸಿದ್ದನ್ನೇ ಇಂಗ್ಲಿಷಿಗೆ ತಿರುಗಿಸಿದೆ. ಮೇಲಿನವರಿಗೆ ಹೆದರಿ ಹೆದರಿ ಹೆದರಿಕೆಯೇ ಸ್ವಭಾವವಾದ ಮನುಷ್ಯ. ಏನನ್ನೂ ಎಸೆಯಲಾರ. ಯಾರಾದರೂ ಒಳಗೆ ಬಂದರೆ ಎದ್ದು ನಿಲ್ಲುತ್ತಾನೆ, ಹೇಳುವವರೆಗೆ ಕೂರುವುದಿಲ್ಲ. ಬಾಗಿಲು ತೆರೆದಿಟ್ಟರೂ ಹೊರಗೆ ಹೋಗಲು ಅಪ್ಪಣೆ ಕೇಳುತ್ತಾನೆ. ಹೇಳುತ್ತ ಹೋದಂತೆ ಒಂದೂ ಸುಳ್ಳೆನಿಸಲಿಲ್ಲ. ಕೆಲಸ ಹೋಗುವ ಭಯಕ್ಕಿಂತ ಅದು ದೊಡ್ಡ ಭಯವಾಗಿತ್ತು.

“ಯಾರಿಗೆ ಹೇಳಿದ್ದು ಇದು?” ಧಣಿಗಳು ತಮ್ಮ ಅಪ್ಪಣೆ ತಾವೇ ಮುರಿದು ಕನ್ನಡದಲ್ಲಿ ಕೇಳಿದರು.

“ನನಗ ಸರ್.”

ಅವರು ಕಿಟಕಿಯ ಚೀಲ ನೋಡಿದರು. ಸಿಟ್ಟಿರಲಿಲ್ಲ.

“ಅದರಲ್ಲಿ ಬೈಗುಳ ಎಂತ ಉಂಟು? ನೀವು ಹಾಗೆ ಇರುವುದಕ್ಕೇ ಅಲ್ವಾ ನಿಮ್ಮನ್ನು ಇಟ್ಟುಕೊಂಡದ್ದು. ಮೊದಲಿದ್ದವನಿಗೆ ಹೆದರಿಕೆಯೇ ಇರಲಿಲ್ಲ. ಹೇಳಿ, ಅವನಿಗೂ ಹೇಳಿ ಅದನ್ನು.”

ಕೆಲಸ ಉಳಿಯಿತು. ಧಣಿಗಳ ಮಾತನ್ನು ಒಂದಕ್ಷರ ಬಿಡದೆ, ನನಗೆ ಕಲಿಸಿದ್ದ ಆ ಹಳೆಯ ಶುದ್ಧ ರಷ್ಯನ್ನಿನಲ್ಲಿ ಅವನಿಗೆ ಹೇಳಿದೆ.

ಅವನ ನಗು ನಿಂತುಹೋಯಿತು. ಜಾಕೀಟಿನ ಜಿಪ್ಪನ್ನು ಎಳೆದಾಡಿದ. ಆಮೇಲೆ ನನ್ನ ಕುರ್ಚಿಯನ್ನು ತಾನೇ ಹಿಂದಕ್ಕೆ ಸರಿಸಿ, ಅಜ್ಜಿಯ ಹತ್ತಿರ ಮಾತಾಡುವಂತೆ ಮೆತ್ತಗೆ, ಕೂತುಕೊಳ್ಳಿ ಎಂದ.

ಕೂರಬಹುದೇ ಎಂದು ನಾನು ಧಣಿಗಳ ಮುಖ ನೋಡಿದೆ.