ರೋಟರ್ ನನ್ನ ಸಂಚಿಯಲ್ಲಿದೆ

ನಂಬುವವರು ನಂಬಿ, ಬಿಡುವವರು ಬಿಡಿ. ಮೂರನೇ ಇಯತ್ತೆಗೇ ಶಾಲೆ ಬಿಟ್ಟವಳು ನಾನು, ಕಥೆ ಕಟ್ಟಲು ಬರುವುದಿಲ್ಲ. ತೆಲುಗು ಸೀಮೆಯ ಉಪ್ಪಲ್‌ನ ನಮ್ಮ ಮನೆಯಲ್ಲಿ ಹೋದ ಚಳಿಗಾಲ ನಡೆದದ್ದು ಇದು. ಮೊಮ್ಮಗಳು ಕಾಗುಣಿತ ತಿದ್ದಿದ್ದಾಳೆ, ಮಾತು ನನ್ನವೇ.

ನಮ್ಮವರು ಬೀದರ್ ಕಡೆಯಿಂದ ಬಂದ ಮೆಕ್ಯಾನಿಕ್. ಮನೆಗೆ ಅಂಟಿಕೊಂಡೇ ಶೆಡ್ಡು, ಅದರಲ್ಲಿ ಅವರ ಐವತ್ತು ವರ್ಷದ ಕರಿ ಕಾರು. ಅದರ ಇಂಜಿನ್ನಿಗೆ ಡಿಸ್ಟ್ರಿಬ್ಯೂಟರ್ ಅಂತ ಒಂದು ಡಬ್ಬಿ, ನಾಲ್ಕೂ ಪ್ಲಗ್ಗಿಗೆ ಕಿಡಿ ಹಂಚುವುದು ಅದೇ. ಒಳಗೆ ಹೆಬ್ಬೆರಳಿನಷ್ಟು ಒಂದು ತುಂಡು ಗಿರಗಿರ ತಿರುಗುತ್ತದೆ, ಅದು ರೋಟರ್. ಅದನ್ನು ಕಿತ್ತರೆ ಕಾರು ಬರೀ ಕಬ್ಬಿಣ.

ಕಳ್ಳರಿಗೆ ಹೆದರಿ ನಮ್ಮವರು ದಿನಾ ರಾತ್ರಿ ರೋಟರ್ ಕಿತ್ತು ನನ್ನ ಕೈಗೆ ಕೊಡುತ್ತಿದ್ದರು. ನಾನು ಎಲೆ ಅಡಿಕೆ ಸಂಚಿಗೆ ಹಾಕಿ ದಾರ ಎಳೆಯುತ್ತಿದ್ದೆ. ಬೆಳಿಗ್ಗೆ ಬಾಗಿಲಲ್ಲಿ ನಿಂತು ಕೈ ಚಾಚಿ "ತಾ ಇಲ್ಲಿ" ಎನ್ನುವರು. ಅಷ್ಟೇ ಮಾತು. ಮೂವತ್ತು ವರ್ಷ ಹೀಗೇ ನಡೆಯಿತು.

ಅವರು ಹೋಗಿ ಮೂರು ವರ್ಷ. ಬದುಕಿದ್ದಾಗ ಆ ಡಬ್ಬಿಯನ್ನು ಯಾರಿಗೂ ಮುಟ್ಟಗೊಡಲಿಲ್ಲ, ಮಗ ಬಸವರಾಜನಿಗೂ.

ಆ ದಿನ ಸೊಸೆ, ಮೊಮ್ಮಗಳು ಮದುವೆಗೆಂದು ಬೀದರಿಗೆ ಹೋಗಿದ್ದರು. ಸಂಜೆ ಬಸ್ಯಾ ಡಿಸ್ಟ್ರಿಬ್ಯೂಟರನ್ನೇ ಪೂರ್ತಿ ಕಿತ್ತು ಅಡುಗೆಮನೆಗೆ ತಂದ. ನೆಲಕ್ಕೆ ಪೇಪರ್ ಹಾಸಿ, ಅದರ ಮೇಲೆ ಇಟ್ಟು ಮುಚ್ಚಳ ತೆಗೆದ. ನಮ್ಮವರು ಹೋದಮೇಲೆ ದಿನಾ ಕೀಳುವವರಿಲ್ಲದೆ ರೋಟರ್ ಒಳಗೇ ಇತ್ತು.

"ಏ ಭಾಡ್ಯಾ, ಪೆಟ್ರೋಲ್ ನಾತದ್ದು ಒಲಿ ಮುಂದ ತಂದಿಯಲ್ಲೋ!"

"ಶೆಡ್ಡಿನ್ಯಾಗ ಬೆಳಕು ಸಾಲಂಗಿಲ್ಲವ್ವಾ. ಇದರಾಗಿನ ಕಿಡಿ ಎಬ್ಬಸೋ ಪಾಯಿಂಟ್ ಸವದಾವ. ತಗದು ಒಗದು ಎಲೆಕ್ಟ್ರಾನಿಕ್ ಕಿಟ್ ಹಾಕ್ತೀನಿ. ಎರಡು ತಿಂಗಳಿಗೊಮ್ಮೆ ತಿಕ್ಕೂದು ತಪ್ಪತೈತಿ."

"ನಿಮ್ಮಪ್ಪ ಇದ್ದಿದ್ರ ನಟ್ಟು ತಿರುವೋ ಪಾನಾ ತಗೊಂಡು ಬಡೀತಿದ್ರು."

"ಅಪ್ಪ ಎಲ್ಲಿಂದ ಬರ್ತಾನ ಈಗ?" ಎಂದು ನಕ್ಕ. ಇಂಜಿನ್ ಕೆಳಗೆ ಒರೆಸಿ ಬರುತ್ತೇನೆಂದು ಶೆಡ್ಡಿಗೆ ಹೋದ. ಸೊಳ್ಳೆ ಕಾಟಕ್ಕೆ ಶಟರ್ ಇಳಿಸಿ ಒಳಗಿನಿಂದ ಚಿಲಕ ಹಾಕಿಕೊಂಡದ್ದು ಕೇಳಿಸಿತು.

ನಾನು ರೊಟ್ಟಿ ತಟ್ಟುತ್ತಿದ್ದೆ. ಎಂಟು ಹೊಡೆದಿತ್ತು. ಗೋಡೆಯ ಆಚೆ ಇಂಜಿನ್ ಶುರುವಾಯಿತು.

ಕೆಲಸ ಮುಗಿಸಿದ ಅಂದುಕೊಂಡೆ. ಇನ್ನೊಂದು ರೊಟ್ಟಿ ತಟ್ಟಿದೆ. ಆಮೇಲೆ ಕೈ ನಿಂತಿತು...

ಕಾರಿನ ಚಾವಿ ನನ್ನೆದುರಿನ ಮೊಳೆಗೆ ನೇತಾಡುತ್ತಿತ್ತು. ಡಿಸ್ಟ್ರಿಬ್ಯೂಟರ್ ಪೇಪರ್ ಮೇಲಿತ್ತು.

ಗೋಡೆಯ ಮೇಲಿನ ಸಂದಿಯಿಂದ ಹೊಗೆ ವಾಸನೆ ಇಳಿಯಿತು. "ಬಸ್ಯಾ, ಬಂದ್ ಮಾಡೋ!" ಇಂಜಿನ್ ಓಡುತ್ತಲೇ ಇತ್ತು. ಶಟರ್ ಮುಚ್ಚಿ ಇಂಜಿನ್ ಓಡಿಸಬಾರದು, ಆ ಹೊಗೆಗೆ ನಿದ್ದೆ ಹತ್ತಿದವನು ಏಳುವುದಿಲ್ಲ ಅಂತ ನಮ್ಮವರೇ ಹೇಳುತ್ತಿದ್ದರು.

ಓಡಿದೆ. ಶಟರಿನ ಕೆಳಗಿನಿಂದ ಹೊಗೆ ಹರಿದು ಬರುತ್ತಿತ್ತು. ಪಕ್ಕದ ಮನೆಯ ಆಟೋದವ ಯಾದಗಿರಿ ಹೊರಗೆ ಬಂದ.

"ಏಮೈಂದಮ್ಮಾ?" ಏನಾಯಿತೆಂದು ಕೇಳಿದ.

"ಬಸ್ಯಾ ಒಳಗದಾನೋ ಯಪ್ಪಾ! ಎತ್ತು, ಎತ್ತು!" ನನಗೆ ತೆಲುಗು ಬಾಯಿಗೇ ಬರಲಿಲ್ಲ.

ಇಬ್ಬರೂ ಜಗ್ಗಿದೆವು. ಅಲುಗಲಿಲ್ಲ. ನನ್ನ ಕೈ ಕೆಲಸಕ್ಕೆ ಬಾರದ ಹಾಗೆ ಸೋತದ್ದು ಅದೇ ಮೊದಲು. ಹಿತ್ತಿಲ ಬಾಗಿಲ ಹಿಂದೆ ಹಾರೆ ಇತ್ತು, ತರಲು ಅಡುಗೆಮನೆ ಹಾದು ಹೊರಟೆ.

ಅಲ್ಲೇ ನಿಂತುಬಿಟ್ಟೆ.

ಪೇಪರ್ ಮೇಲಿನ ಡಬ್ಬಿಯೊಳಗೆ ರೋಟರ್ ತಿರುಗುತ್ತಿತ್ತು.

ಯಾರೂ ಮುಟ್ಟಿಲ್ಲ, ಒಂದು ತಂತಿಯಿಲ್ಲ. ಗೋಡೆಯ ಆಚೆ ಇಂಜಿನ್ ಜೋರಾದರೆ ಇದೂ ಜೋರು... ಅದು ಇಳಿದರೆ ಇದೂ ನಿಧಾನ. ಕೆಳಗಿನ ಪೇಪರ್ ಪಟಪಟ ನಡುಗುತ್ತಿತ್ತು.

"ನಿಲ್ಲಸ್ರಿ..." ನನ್ನ ಬಾಯಿಂದ ಬಂತು. "ಒಳಗ ನಿಮ್ಮ ಮಗ ಅದಾನ್ರಿ..."

ನಿಲ್ಲಲಿಲ್ಲ. ಇನ್ನೂ ಜೋರಾಯಿತು.

ಕೈ ಹಾಕಿದೆ. ಬೆರಳ ಚರ್ಮ ಕಿತ್ತು ಹೋಯಿತು. ಬಿಡದೆ ಹಿಡಿದು, ನಮ್ಮವರು ಕೀಳುತ್ತಿದ್ದ ಹಾಗೇ ಮೇಲಕ್ಕೆ ಎಳೆದೆ. ಸಂಚಿಗೆ ಹಾಕಿ ದಾರ ಬಿಗಿದೆ.

ಇಂಜಿನ್ ನಿಂತಿತು. ಕೆಮ್ಮಲಿಲ್ಲ, ಗುರುಗುಟ್ಟಲಿಲ್ಲ... ಕತ್ತರಿಸಿದ ಹಾಗೆ ನಿಂತಿತು.

ಹಾರೆ ತಂದುಕೊಟ್ಟೆ, ಯಾದಗಿರಿ ಅದರಿಂದ ಚಿಲಕ ಮುರಿದ. ಬಸ್ಯಾ ಕಾರಿನ ಕೆಳಗೆ ಅಂಗಾತ ಬಿದ್ದಿದ್ದ. ಕಾಲು ಹಿಡಿದು ರಸ್ತೆಗೆ ಎಳೆದೆವು. ವಾಂತಿ ಮಾಡಿಕೊಂಡ, ಆಮೇಲೆ ಉಸಿರು ಬಂತು. ಬಾನೆಟ್ ತೆರೆದೇ ಇತ್ತು. ಡಿಸ್ಟ್ರಿಬ್ಯೂಟರ್ ಕಿತ್ತ ತೂತಿಗೆ ಅವನು ತುರುಕಿದ್ದ ಬಟ್ಟೆ ಹಾಗೇ ಇತ್ತು. ಯಾದಗಿರಿ ಇಂಜಿನ್ ಮುಟ್ಟಿ ಅಂಗೈ ಸುಟ್ಟುಕೊಂಡ.

ಬಸ್ಯಾ ಎರಡು ದಿನ ಆಸ್ಪತ್ರೆಯಲ್ಲಿದ್ದ. "ಇಂಜಿನ್ ಸಪ್ಪಳನ ಕೇಳಿಲ್ಲವ್ವಾ ನಾ" ಎನ್ನುತ್ತಾನೆ. "ಒರಸಾಕತ್ತಿದ್ದೆ, ನಿದ್ದಿ ಬಂತು. ಅಷ್ಟ." ನಾನೂ ಯಾದಗಿರಿಯೂ ಕೇಳಿದ್ದೇವಲ್ಲ!

ಆ ಕಿಟ್ ಡಬ್ಬಿ ಒಡೆಯದೆ ಬಿದ್ದಿದೆ. ಕಾರು ಮಾರೋಣ ಅಂದರೆ ಬಸ್ಯಾ ಎದ್ದು ಹೊರಗೆ ಹೋಗುತ್ತಾನೆ. ಆ ರಾತ್ರಿ ನಡೆದದ್ದು ನಮ್ಮವರ ಸಿಟ್ಟೋ, ಬೇರೆ ಏನೋ ನನಗೆ ತಿಳಿಯದು. ಸ್ವಂತ ಮಗನ ಮೇಲೆ ಅಷ್ಟು ಸಿಟ್ಟೇ?

ರೋಟರನ್ನು ಎಸೆಯಲು ಎರಡು ಸಲ ನಾಲೆಯವರೆಗೆ ಹೋಗಿ ಬಂದೆ. ಎಲ್ಲೋ ಬಿದ್ದು ಅಲ್ಲೇ ತಿರುಗಲು ಹತ್ತಿದರೆ ಕೀಳುವವರು ಯಾರು? ಅದಕ್ಕೇ ಸಂಚಿಯಲ್ಲಿದೆ, ಸಂಚಿ ದಿಂಬಿನ ಕೆಳಗಿದೆ.

ಈಗೀಗ ನಸುಕಿನಲ್ಲಿ ಎಚ್ಚರವಾಗುತ್ತದೆ. ಪೆಟ್ರೋಲ್ ವಾಸನೆ... ಬಾಗಿಲಲ್ಲಿ ಯಾರೋ ನಿಂತ ಹಾಗೆ. ನಾನು ಕಣ್ಣು ತೆರೆಯುವುದಿಲ್ಲ. ಇನ್ನೂ ಮಾತು ಕೇಳಿಸಿಲ್ಲ.

"ತಾ ಇಲ್ಲಿ" ಅಂದರೆ ಏನು ಮಾಡಲಿ? ಮೂವತ್ತು ವರ್ಷದಲ್ಲಿ ಒಂದು ದಿನವೂ ಕೊಡುವುದಿಲ್ಲ ಅಂದವಳಲ್ಲ ನಾನು.