ಚೀಲ ನಿಲ್ಲಿಸಲು ಕಲಿಸಿದವಳು

ನನ್ನ ತಮ್ಮ ಸೈನ್ಯದಲ್ಲಿ ಮೇಜರ್ ಜನರಲ್ ಆಗಿ ನಿವೃತ್ತನಾದ. ಬಂದೂಕು ಹಿಡಿದು ಮೆರೆದವನಲ್ಲ, ಅವನದು ಸರಬರಾಜಿನ ಕೆಲಸ. ಹಿಮ ಬಿದ್ದು ದಾರಿ ಮುಚ್ಚುವ ಮೊದಲೇ ಗಡಿಯ ಠಾಣೆಗಳಿಗೆ ಅಕ್ಕಿ, ಸೀಮೆಎಣ್ಣೆ, ಬೂಟು, ಔಷಧಿ ಎಲ್ಲವನ್ನೂ ಮುಟ್ಟಿಸಬೇಕು. ಅವನಿದ್ದ ಕಡೆ ಒಬ್ಬ ಸಿಪಾಯಿಯೂ ಉಪವಾಸ ಬೀಳಲಿಲ್ಲ ಎಂದು ಜೊತೆಯವರು ಹೇಳುತ್ತಾರೆ. ಕೈಲಾಗದವನಾಗಿದ್ದರೆ ನನಗೆ ಇಷ್ಟು ಹೊಟ್ಟೆ ಉರಿಯುತ್ತಿರಲಿಲ್ಲ.

ನಾನು ಗೂಡಲೂರಿನಿಂದ ನಡುವಟ್ಟಂಗೆ ಹತ್ತುವ ದಾರಿಯಲ್ಲಿ ಚಹಾ ಎಲೆ ಕೂಡಿಸುವವಳು. ಸಣ್ಣ ಬೆಳೆಗಾರರು ಕಿತ್ತ ಎಲೆಯನ್ನು, ಅದು ಚೀಲದೊಳಗೇ ಬಿಸಿಯಾಗಿ ಕೆಂಪಾಗುವ ಮೊದಲು, ಫ್ಯಾಕ್ಟರಿಗೆ ತಲುಪಿಸುತ್ತೇನೆ. ಅವನದೂ ಲಾರಿ, ನನ್ನದೂ ಲಾರಿ. ಅವನಿಗೆ ಪದಕ, ನನಗೆ ಫ್ಯಾಕ್ಟರಿಯವರ ಗೊಣಗಾಟ. ಬಜಾರಿನಲ್ಲಿ ನನ್ನನ್ನು ಕರೆಯುವುದೇ ಜನರಲ್ ಸಾರ್ ಅಕ್ಕ ಎಂದು. ಅವನನ್ನು ಎಲೆ ಅಕ್ಕನ ತಮ್ಮ ಎಂದು ಯಾರಾದರೂ ಕರೆದದ್ದುಂಟೇ?

ನಿವೃತ್ತನಾಗಿ ಬಂದವನಿಗೆ ಊರವರು ಶಾಲೆಯ ಹಾಲ್‌ನಲ್ಲಿ ಸನ್ಮಾನ ಇಟ್ಟುಕೊಂಡರು. ಅವ್ವನನ್ನು ಮುಂದಿನ ಸಾಲಿನಲ್ಲಿ ಕೂರಿಸಿ ನಾನು ಹಿಂದೆ ಕೂತೆ. ಮಾತಿನ ಮಧ್ಯೆ ಅವನು ನಮ್ಮ ಬಾಲ್ಯದ ಒಂದು ಮಳೆಗಾಲಕ್ಕೆ ಹೊರಳಿದ. ಒದ್ದೆ ಎಲೆಯ ಚೀಲಗಳನ್ನು ಒಂದರ ಮೇಲೊಂದು ಒಟ್ಟಿದ್ದನಂತೆ. ಎಲೆ ಕೆಂಪಾಗಿ ಫ್ಯಾಕ್ಟರಿಯವರು ಅಷ್ಟನ್ನೂ ವಾಪಸ್ ಕಳಿಸಿದರಂತೆ. ಮರುದಿನ ಚೀಲ ಬಿಗಿಯಬಾರದು, ಮಲಗಿಸಬಾರದು, ನಿಲ್ಲಿಸಬೇಕು, ಮೊದಲು ಇಳಿಯಬೇಕಾದ್ದನ್ನು ಕೊನೆಗೆ ಏರಿಸಬೇಕು ಎಂದು ಕಲಿತನಂತೆ. ಸೈನ್ಯದಲ್ಲಿ ಕೊನೆಯವರೆಗೂ ಅದನ್ನೇ ನಂಬಿ ನಡೆದನಂತೆ.

ಅವನ ಕೈ ಹಿಡಿದು ಚೀಲದ ನಡುವಿಗೆ ತೂರಿಸಿ, ಒಳಗಿನ ಬಿಸಿ ಮುಟ್ಟಿಸಿ ತೋರಿಸಿದ್ದು ನಾನು. ಅವ್ವ ಆಗ ಮೇಲಿನ ತೋಟದಲ್ಲಿ ಎಲೆ ಕೀಳುತ್ತಿದ್ದಳು. ಈಗ ನನ್ನ ಕಡೆ ಕೈ ತೋರಿಸುತ್ತಾನೆ, ಎಲ್ಲರೂ ತಿರುಗಿ ನೋಡುತ್ತಾರೆ ಎಂದು ಸೆರಗು ಸರಿಮಾಡಿಕೊಂಡೆ.

"ಈ ಪಾಠ ಕಲಿಸಿದವರು ನನ್ನ ತಾಯಿ" ಅಂದ.

ಹಾಲ್ ತುಂಬ ಚಪ್ಪಾಳೆ. ಅವನು ಕೆಳಗಿಳಿದು ಬಂದು ತನಗೆ ಹೊದಿಸಿದ್ದ ಶಾಲನ್ನು ಅವ್ವನಿಗೆ ಹೊದಿಸಿದ. ಅವ್ವ ಅಲ್ಲ ಅನ್ನಲಿಲ್ಲ. ನಾನೂ ಚಪ್ಪಾಳೆ ತಟ್ಟಿದೆ, ತಟ್ಟದೆ ಇದ್ದರೆ ಪಕ್ಕದವರು ನೋಡುತ್ತಾರಲ್ಲ.

ಮನೆಯಲ್ಲಿ ಊಟಕ್ಕೆ ಕೂತಾಗ ತಡೆಯಲಾಗಲಿಲ್ಲ. "ಚೀಲ ನಿಲ್ಸೋದ ಹೇಳ್ಕೊಟ್ಟದ್ದು ಅವ್ವನಾ?" ಅಂದೆ.

ತಮ್ಮ ಸಾರು ಕಲಸುತ್ತಲೇ ಹೇಳಿದ: "ನೀನೇ ಕಣಕ್ಕ, ನಂಗೊತ್ತಿಲ್ವಾ? ಆದ್ರ ಅಕ್ಕ ಅಂದ್ರ ಯಾರು ಚಪ್ಪಾಳ ತಟ್ಟಾರು? ಅವ್ವ ಅನ್ಬೇಕು."

ಮರೆತಿದ್ದರೆ ಕ್ಷಮಿಸಬಹುದಿತ್ತು. ಗೊತ್ತಿದ್ದೂ, ಜನಕ್ಕೆ ಏನು ಬೇಕೋ ಅದನ್ನು ತಲುಪಿಸಿದ್ದ.

"ಬುಡವ್ವ, ಯಾರು ಕಲಿಸ್ದ್ರೇನು, ಒಂದೇ ಮನೆಯವ್ರು ತಾನೆ" ಅಂದಳು ಅವ್ವ. ಊಟಕ್ಕೆ ಕೂತರೂ ಶಾಲು ತೆಗೆದಿರಲಿಲ್ಲ, ಅದರ ಅಂಚನ್ನು ಸವರುತ್ತಿದ್ದಳು. ಎಂಬತ್ತು ದಾಟಿದ ಅವ್ವನ ಮೇಲೆ ನನಗೆ ಹೊಟ್ಟೆಕಿಚ್ಚಾದದ್ದು ಅದೇ ಮೊದಲು.

ಅವಳು ಇನ್ನೊಂದು ಚೂರು ಅನ್ನ ಕೇಳಿದಳು. ನಾನು ಪಾತ್ರೆಯನ್ನು ತಮ್ಮನ ಕಡೆ ತಳ್ಳಿದೆ. "ನೀನೇ ಬಡ್ಸು" ಅಂದೆ.

ಅವನು ಎದ್ದು, ಒಂದು ಅಗುಳೂ ಚೆಲ್ಲದಂತೆ ಬಡಿಸಿದ.